ಓಸ್ಕಿನಾ, ಪಿಬಿಎಲ್ಲಾ, ಸಿಮ್ಯುಲೇಷನ್ನಾ? ನಿಮ್ಮ ಡಿಪಾರ್ಟ್‌ಮೆಂಟಿಗೆ ಯಾವುದು ಸರಿಹೋಗುತ್ತೆ

ಇನ್‌ಸ್ಪೆಕ್ಷನ್ ಬರೋ ವರ್ಷ ಅಂದ್ರೆ ಕಾಲೇಜಲ್ಲಿ ಒಂದು ಸರ್ಕ್ಯುಲರ್ ಗ್ಯಾರಂಟಿ, "ಪ್ರತಿ ಡಿಪಾರ್ಟ್‌ಮೆಂಟಿನವರೂ ಹೊಸ ಟೀಚಿಂಗ್ ಮೆಥಡ್ ಒಂದನ್ನ ಶುರು ಮಾಡಿ ಫೋಟೋ ಸಮೇತ ರಿಪೋರ್ಟ್ ಕೊಡತಕ್ಕದ್ದು" ಅಂತ. ಹೋದ ತಿಂಗಳು ನನ್ನ ಹಳೇ ಸ್ಟೂಡೆಂಟ್ ಒಬ್ಬ, ಈಗ ಬೇರೆ ಊರಲ್ಲಿ ಅಸಿಸ್ಟೆಂಟ್ ಪ್ರೊಫೆಸರ್, ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ "ಮ್ಯಾಮ್, ಓಸ್ಕಿ ಮಾಡ್ಲಾ, ಪಿಬಿಎಲ್ ಮಾಡ್ಲಾ, ಇಲ್ಲ ನಮ್ಮ ಎಚ್‌ಒಡಿ ದೊಡ್ಡ ಮ್ಯಾನಿಕಿನ್ ತರಿಸ್ತೀನಿ ಅಂತಿದಾರೆ, ಅದಕ್ಕೇ ಹೂಂ ಅಂದ್ಬಿಡ್ಲಾ" ಅಂತ ಕೇಳ್ದ. ಓಸ್ಕಿ ಅಂದ್ರೆ ಸ್ಟೇಷನ್ನಿಂದ ಸ್ಟೇಷನ್ನಿಗೆ ಹೋಗಿ ಕೆಲಸ ಮಾಡಿ ತೋರಿಸೋ ಪರೀಕ್ಷೆ, ಪಿಬಿಎಲ್ ಅಂದ್ರೆ ಪ್ರಾಬ್ಲಮ್ ಬೇಸ್ಡ್ ಲರ್ನಿಂಗ್, ಕೇಸ್ ಇಟ್ಕೊಂಡು ಕಲಿಯೋದು, ಮ್ಯಾನಿಕಿನ್ ಅಂದ್ರೆ ಸಿಮ್ಯುಲೇಷನ್ನಿಗೆ, ಅಂದ್ರೆ ರೋಗಿ ಬದ್ಲು ಪ್ರಾಕ್ಟೀಸ್ ಮಾಡೋಕೆ ಇರೋ ಬೊಂಬೆ. ಅವನ ಹತ್ರ ಒಂದು ಗಂಟೆ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ಜೋಡಿಸಿ ಬರೀತಿದೀನಿ, ಯಾಕಂದ್ರೆ ಇದೇ ಪ್ರಶ್ನೆ ವರ್ಷಕ್ಕೆ ನಾಕು ಜನ ಕೇಳ್ತಾರೆ. ನಾನು ಮೆಡಿಸಿನ್‌ನವಳು, ಹಾಗಾಗಿ ಉದಾಹರಣೆ ಎಲ್ಲಾ ಎಂಬಿಬಿಎಸ್‌ದೇ ಬರುತ್ತೆ, ನರ್ಸಿಂಗ್, ಫಿಸಿಯೋ, ಡೆಂಟಲ್‌ನವರು ನಿಮ್ಮ ವಾರ್ಡ್, ನಿಮ್ಮ ಚೇರ್ ನೆನೆಸ್ಕೊಂಡು ಓದ್ಕೊಳ್ಳಿ, ಲೆಕ್ಕಾಚಾರ ಒಂದೇ.

ಎಲ್ಲಕ್ಕಿಂತ ಮೊದ್ಲು ಮಿಲ್ಲರ್ ಪಿರಮಿಡ್ ನೆನಪು ಮಾಡ್ಕೊಳ್ಳಿ. 1990ರಲ್ಲಿ ಜಾರ್ಜ್ ಮಿಲ್ಲರ್ ಬರೆದಿದ್ದು, ನಾಕೇ ಮೆಟ್ಟಿಲು: ಕೆಳಗೆ ವಿಷಯ ಗೊತ್ತಿರೋದು, ಅದರ ಮೇಲೆ ಹೇಗೆ ಮಾಡ್ಬೇಕು ಅಂತ ಗೊತ್ತಿರೋದು, ಅದರ ಮೇಲೆ ಮಾಡಿ ತೋರ್ಸೋದು, ತುದೀಲಿ ಯಾರೂ ಕೇಳ್ದೆ ಇದ್ರೂ ದಿನಾ ವಾರ್ಡಲ್ಲಿ ಮಾಡೋದು. 2019ರ ಬ್ಯಾಚಿಂದ ಬಂದ ಸಿಬಿಎಂಇ (ಕಾಂಪಿಟೆನ್ಸಿ ಆಧಾರದ ವೈದ್ಯಕೀಯ ಶಿಕ್ಷಣ) ಸಿಲಬಸ್‌ನಲ್ಲಿ ಪ್ರತಿ ಕಾಂಪಿಟೆನ್ಸಿ, ಅಂದ್ರೆ ಕಲೀಬೇಕಾದ ಸಾಮರ್ಥ್ಯದ ಮುಂದೆ ಕೆ, ಕೆಎಚ್, ಎಸ್‌ಎಚ್, ಪಿ ಅಂತ ಅಕ್ಷರ ಹಾಕಿದಾರಲ್ಲ (ಎಸ್‌ಎಚ್ ಅಂದ್ರೆ ಮಾಡಿ ತೋರ್ಸೋದು), ಅದು ಇಲ್ಲಿಂದಲೇ ಬಂದಿದ್ದು. ನಿಮ್ಮ ಸಬ್ಜೆಕ್ಟಿನ ಪಟ್ಟಿ ತೆಗೆದು ಎಸ್‌ಎಚ್ ಎಷ್ಟಿದೆ ನೋಡಿ, ಆಮೇಲೆ ನೀವು ಹೋದ ವರ್ಷ ಅದರಲ್ಲಿ ಎಷ್ಟನ್ನ ಬರೀ ಪಿಪಿಟಿಲಿ ಮುಗಿಸಿದ್ರಿ ನೋಡಿ. ನನಗಂತೂ ಆ ಲೆಕ್ಕ ಹಾಕಿದ ದಿನ ಮುಖಕ್ಕೆ ಹೊಡೆದಂಗಾಯ್ತು.

ಕ್ಲಾಸ್ ರೂಮಿನ ಮಾತು

ಲೆಕ್ಚರ್ ಬೈಯೋದು ಈಗ ಫ್ಯಾಷನ್. ನಾನು ಬೈಯಲ್ಲ. 150 ಜನರಿಗೆ ಒಂದು ಗಂಟೇಲಿ ಜಾಂಡೀಸ್‌ನ ಚೌಕಟ್ಟು ಹಾಕಿಕೊಡೋಕೆ ಇನ್ನೂ ಲೆಕ್ಚರಷ್ಟು ಅಗ್ಗದ ದಾರಿ ಇಲ್ಲ. ಆದ್ರೆ ಅದು ಮೊದಲನೇ ಮೆಟ್ಟಿಲಷ್ಟೇ, ಅಲ್ಲೂ ಹಿಂದಿನ ಎರಡು ಸಾಲು ನೀಟ್ ಪಿಜಿ ಆ್ಯಪ್‌ನಲ್ಲಿ ಎಂಸಿಕ್ಯೂ ಒತ್ತುತ್ತಾ ಕೂತಿರುತ್ತೆ, ಅವರನ್ನ ಬೈದೇನು ಪ್ರಯೋಜನ, ಸೀಟು ಸಿಗೋದು ಆ 200 ಪ್ರಶ್ನೆ ಮೇಲೇ ಅಂತ ಅವರಿಗೆ ಗೊತ್ತು.

ಫ್ಲಿಪ್ಡ್ ಕ್ಲಾಸ್ ಅಂತ ಬಂತು, ವಿಡಿಯೋ ರಾತ್ರಿ ವಾಟ್ಸಾಪ್ ಗ್ರೂಪಿಗೆ ಹಾಕೋದು, ಬೆಳಗ್ಗೆ ಬಂದು ಚರ್ಚೆ ಮಾಡೋದು. ನಾನು ಒಂದು ಟರ್ಮ್ ಮಾಡಿದೆ. ನೋಡ್ಕೊಂಡು ಬಂದೋರು ಅರ್ಧ, ಅದರಲ್ಲೂ ಎರಡರಷ್ಟು ಸ್ಪೀಡಲ್ಲಿ ಬಸ್ಸಲ್ಲಿ ನೋಡಿದೋರು ಜಾಸ್ತಿ. ನೋಡಿರೋರಿಗೋಸ್ಕರ ಚರ್ಚೆ ಶುರು ಮಾಡಿದ್ರೆ ಉಳಿದೋರು ಪಿಳಿಪಿಳಿ ನೋಡ್ತಾರೆ, ನೋಡದೇ ಇರೋರಿಗೋಸ್ಕರ ಮತ್ತೆ ಪಾಠ ಮಾಡಿದ್ರೆ ನೋಡ್ಕೊಂಡು ಬಂದವರಿಗೆ ಮೋಸ, ಮುಂದಿನ ವಾರ ಅವರೂ ನೋಡ್ಕೊಂಡು ಬರಲ್ಲ.

ಈ ರೋಗಕ್ಕೆ ಟಿಬಿಎಲ್ (ಟೀಮ್ ಬೇಸ್ಡ್ ಲರ್ನಿಂಗ್) ಮದ್ದು ಅಂತ ನನಗೆ ತಡವಾಗಿ ಗೊತ್ತಾಯ್ತು. ಇದನ್ನ ಮಾಡಿದ್ದು ಡಾಕ್ಟರಲ್ಲ, ಅಮೆರಿಕದ ಓಕ್ಲಹೋಮ ಯೂನಿವರ್ಸಿಟಿಯ ಬಿಸಿನೆಸ್ ಮೇಷ್ಟ್ರು ಲ್ಯಾರಿ ಮೈಕೆಲ್ಸನ್, 1970ರ ದಶಕದ ಕೊನೇಲಿ, 40 ಜನ ಇರ್ತಿದ್ದ ಕ್ಲಾಸು 120 ಆಗಿ ಕೂತಾಗ. ಓದ್ಕೊಂಡು ಬಂದ ತಕ್ಷಣ ಒಬ್ಬೊಬ್ಬರಿಗೇ ಸಣ್ಣ ಟೆಸ್ಟ್, ಆಮೇಲೆ ಅದೇ ಪ್ರಶ್ನೆ ಐದಾರು ಜನರ ಟೀಮಿಗೆ, ಆಮೇಲೆ ಒಂದು ಕೇಸ್ ಕೊಟ್ಟು ಎಲ್ಲ ಟೀಮೂ ಒಂದೇ ಸಲಕ್ಕೆ ಎ, ಬಿ, ಸಿ, ಡಿ ಕಾರ್ಡ್ ಎತ್ತಬೇಕು. ಒಂದೇ ಸಲಕ್ಕೆ ಎತ್ತೋದ್ರಲ್ಲಿ ಮಜಾ ಇದೆ ನೋಡಿ, ಪಕ್ಕದ ಟೀಮ್ ನೋಡಿ ಬದಲಾಯ್ಸೋಕೆ ಆಗಲ್ಲ, ತಮ್ಮ ಉತ್ತರಕ್ಕೆ ತಾವೇ ಜಗಳ ಮಾಡ್ಬೇಕು. ಮೇಷ್ಟ್ರು ಒಬ್ಬರು ಸಾಕು, ರೂಮು ಒಂದು ಸಾಕು, ಕಾರ್ಡು ನಾವು ಮದುವೆ ಇನ್ವಿಟೇಷನ್ ಹಿಂದುಗಡೆ ಬರೆದು ಮಾಡಿದ್ವಿ. ಓದ್ಕೊಂಡು ಬರದೇ ಇದ್ದವನನ್ನ ಮೇಷ್ಟ್ರು ಬೈಯೋ ಅವಶ್ಯಕತೆಯೇ ಇಲ್ಲ, ಟೀಮಿನವರೇ ನೋಡ್ಕೋತಾರೆ.

ಪಿಬಿಎಲ್ ಬೇರೆ ಜಾತಿ. 1969ರಲ್ಲಿ ಕೆನಡಾದ ಮ್ಯಾಕ್‌ಮಾಸ್ಟರ್‌ನಲ್ಲಿ ಶುರುವಾಗಿದ್ದು, ಪಾಠಕ್ಕಿಂತ ಮೊದ್ಲೇ ಕೇಸ್. ಎಂಟತ್ತು ಜನ, ಒಬ್ಬ ಟ್ಯೂಟರ್, ಟ್ಯೂಟರ್ ಬಾಯಿ ಮುಚ್ಕೊಂಡಿರ್ಬೇಕು (ನಮ್ಮ ಪ್ರೊಫೆಸರ್‌ಗಳಿಗೆ ಇದೇ ಭಾರಿ ಕಷ್ಟ). ನಮ್ಮ ಕಡೆಗೆ ಹೇಳಿ ಮಾಡಿಸಿದ ಕೇಸ್ ಅಂದ್ರೆ ಹೊಲಕ್ಕೆ ಹೊಡೆಯೋ ಔಷಧಿ ಕುಡಿದ ರೈತ: ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆ ಥರ ಸಣ್ಣ. ಈ ಒಂದು ಕೇಸಿಂದ ಹುಡುಗರು ಅಸಿಟೈಲ್‌ಕೋಲಿನ್‌ಗೆ ಹೋಗ್ತಾರೆ, ಅಟ್ರೋಪಿನ್ ಯಾಕೆ ಅಂತ ಫಾರ್ಮಕಾಲಜಿಗೆ ಹೋಗ್ತಾರೆ, ಎಂಎಲ್‌ಸಿ (ಪೊಲೀಸರಿಗೆ ತಿಳಿಸೋ ಮೆಡಿಕೋ ಲೀಗಲ್ ಕೇಸ್) ಮಾಡ್ಬೇಕಾ ಅಂತ ಫೋರೆನ್ಸಿಕ್‌ಗೆ, ಸಾಲ ಎಷ್ಟಿತ್ತು, ಮನೇಲಿ ಯಾರಿದಾರೆ, ಬಾಟ್ಲಿ ಎಲ್ಲಿಟ್ಟಿದ್ರು ಅಂತ ಕಮ್ಯುನಿಟಿ ಮೆಡಿಸಿನ್‌ಗೆ. ನಾಕು ಡಿಪಾರ್ಟ್‌ಮೆಂಟಿನವರು ಮೀಟಿಂಗ್ ಮಾಡಿ ಇಂಟಿಗ್ರೇಷನ್ ಇಂಟಿಗ್ರೇಷನ್ ಅಂತ ಬಾಯಿ ಬಡ್ಕೊಂಡ್ರೂ ಆಗ್ದೇ ಇರೋದು ಒಂದು ಮಧ್ಯಾಹ್ನದಲ್ಲಿ ಆಗುತ್ತೆ. ಆದ್ರೆ ಲೆಕ್ಕ ಹಾಕಿ: 150 ಜನ, ಗುಂಪಿಗೆ 10 ಅಂದ್ರೆ 15 ಟ್ಯೂಟರ್, 15 ಮೂಲೆ. ಅಷ್ಟು ಜನ ಇಲ್ಲದೇ 30 ಜನರ ಗುಂಪು ಮಾಡಿ ಅದಕ್ಕೆ ಪಿಬಿಎಲ್ ಅಂತ ಬೋರ್ಡ್ ಹಾಕೋದಾದ್ರೆ ದಯವಿಟ್ಟು ಬೇಡ, ಇಬ್ಬರು ಮಾತಾಡ್ತಾರೆ, 28 ಜನ ಕಾಫಿಗೆ ಕಾಯ್ತಾರೆ. ವರ್ಷಕ್ಕೆ ಎರಡೇ ಮಾಡಿ, ಸರಿಯಾಗಿ ಮಾಡಿ. ಉಳಿದಿದ್ದಕ್ಕೆ ಟಿಬಿಎಲ್.

ಬೊಂಬೆ

ಈಗ ಮ್ಯಾನಿಕಿನ್ ವಿಷಯ. ಸಿಪಿಆರ್ ಕಲಿಯೋ ಆ್ಯನಿ ಬೊಂಬೆ 1960ರದ್ದು, ನಾರ್ವೆಯ ಆಟದ ಸಾಮಾನಿನ ಕಂಪನಿಯ ಆಸ್ಮುಂಡ್ ಲೇರ್ಡಾಲ್ ಮಾಡಿದ್ದು, ಅದರ ಮುಖ ಪ್ಯಾರಿಸ್ಸಿನ ಸೇನ್ ನದೀಲಿ ಸಿಕ್ಕಿದಳು ಅಂತ ಹೇಳೋ ಹೆಸರಿಲ್ಲದ ಹುಡುಗಿಯ ಮುಖವಾಡದಿಂದ ತಗೊಂಡಿದ್ದು. ನಿಮಿಷಕ್ಕೆ 100ರಿಂದ 120 ಸಲ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತೋದನ್ನ ಬೊಂಬೆ ಬಿಟ್ಟು ಬೇರೆಲ್ಲಿ ಕಲಿಸ್ತೀರಾ? ಡಿಫಿಬ್ರಿಲೇಟರ್ (ಎದೆಗೆ ಶಾಕ್ ಕೊಡೋ ಮಷೀನ್), ಹೆರಿಗೆ ಆದ್ಮೇಲೆ ರಕ್ತ ಹೋಗ್ತಾ ಇರೋವಾಗ ಯಾರು ಏನ್ಮಾಡ್ಬೇಕು ಅನ್ನೋ ಡ್ರಿಲ್, ಮೊದಲನೇ ಕ್ಯಾಥೆಟರ್, ಇವಕ್ಕೆಲ್ಲ ಸಿಮ್ಯುಲೇಷನ್ ಬೇಕೇ ಬೇಕು, ರೋಗಿ ಮೈಮೇಲೆ ಮೊದಲ ಸಲ ಕಲಿಯೋದು ತಪ್ಪು ಅಂತ ಒಪ್ಕೊಳ್ಳೋಣ.

ಆದ್ರೆ ದುಡ್ಡು ಎಲ್ಲಿ ಹೋಗುತ್ತೆ ನೋಡಿ. ನಾನು ನೋಡಿದ ಒಂದು ಸ್ಕಿಲ್ ಲ್ಯಾಬಲ್ಲಿ ಉಸಿರಾಡೋ, ಕಣ್ಣು ಮಿಟುಕಿಸೋ ಮ್ಯಾನಿಕಿನ್ ಪ್ಲಾಸ್ಟಿಕ್ ಕವರ್ ಸಮೇತ ಮಲಗಿತ್ತು, ಬೀಗದ ಕೈ ಸ್ಟೋರ್‌ನವರ ಹತ್ರ, ಸ್ಟೋರ್‌ನವರು ಊಟಕ್ಕೆ. ಹುಡುಗರು ಅದನ್ನ ಮುಟ್ಟಿದ್ದು ಉದ್ಘಾಟನೆ ದಿನ ಸೆಲ್ಫಿಗೆ. ಅದೇ ಪಕ್ಕದಲ್ಲಿ ನರ್ಸಿಂಗ್‌ನ ಸಿಸ್ಟರ್ ಒಬ್ಬರು ಹಳೇ ಐವಿ ಸೆಟ್ಟಿನ ಟ್ಯೂಬಿಗೆ ಕೆಂಪು ನೀರು ತುಂಬಿಸಿ, ಸ್ಪಂಜ್ ಒಳಗಡೆ ಹುದುಗಿಸಿ, ಮೇಲೆ ಗ್ಲೌಸ್ ಎಳೆದು ಕಟ್ಟಿ ಕ್ಯಾನುಲಾ ಹಾಕೋದು ಕಲಿಸ್ತಿದ್ರು, ಇಂಜೆಕ್ಷನ್‌ಗೆ ಮೋಸಂಬಿ, ಹೊಲಿಗೆಗೆ ಕೋಳಿ ಕಾಲು. ಅವರ ಹುಡುಗಿಯರ ಕೈ ನಮ್ಮ ಇಂಟರ್ನ್‌ಗಳಿಗಿಂತ ಸ್ಟೆಡಿ ಇತ್ತು, ಒಪ್ಕೋಬೇಕು. ನಿಮ್ಮ ಎಚ್‌ಒಡಿ ಒಂದು ದೊಡ್ಡ ಬೊಂಬೆ ತರಿಸೋ ಬದ್ಲು ಹತ್ತು ಸಾದಾ ಸಿಪಿಆರ್ ಬೊಂಬೆ ತರಿಸೋಕೆ ಒಪ್ಪಿದ್ರೆ ಕಣ್ಮುಚ್ಕೊಂಡು ಹೂಂ ಅನ್ನಿ. ಮತ್ತೆ ಡಿಬ್ರೀಫಿಂಗ್ ಬಿಡ್ಬೇಡಿ, ಹತ್ತು ನಿಮಿಷ ಡ್ರಿಲ್ ಮಾಡಿದ್ರೆ ಇಪ್ಪತ್ತು ನಿಮಿಷ ಕೂತು ಮಾತಾಡ್ಬೇಕು, ಕಲಿಯೋದು ಆ ಮಾತಲ್ಲೇ.

ಬೊಂಬೆಗೆ ಒಂದು ಬರಲ್ಲ: ಕನ್ನಡ. ಅದಕ್ಕೆ ಆಮೇಲೆ ಬರ್ತೀನಿ.

ಪರೀಕ್ಷೆ ಕಡೆಗೆ

ಲಾಂಗ್ ಕೇಸ್ ಎಲ್ರಿಗೂ ಗೊತ್ತಿರೋದೇ. ಹುಡುಗ ಮುಕ್ಕಾಲು ಗಂಟೆ ಒಬ್ಬನೇ ರೋಗಿ ಹತ್ರ, ಆಮೇಲೆ ನಮ್ಮ ಮುಂದೆ ಬಂದು ಕೇಸ್ ಒಪ್ಪಿಸ್ತಾನೆ. ಆ ಮುಕ್ಕಾಲು ಗಂಟೇಲಿ ಏನ್ ಮಾಡ್ದ ಅಂತ ನೋಡಿದೋರು ರೋಗಿ ಒಬ್ಬರೇ. ಅದೂ ಪರೀಕ್ಷೆಗೆ ಅಂತ ವರ್ಷ ವರ್ಷ ಬರೋ ರೋಗಿ ಆದ್ರೆ "ನಂದು ಮೈಟ್ರಲ್ ಸ್ಟೆನೋಸಿಸ್ಸು, ಎಡಗಡೆ ಮಲಗಿಸಿ ಕೇಳಿ ಡಾಕ್ಟ್ರೆ, ಹೋದ ಸಲದ ಹುಡುಗಿ ಮರೆತು ಬೈಸ್ಕೊಂಡ್ಳು" ಅಂತ ತಾನೇ ಪಾಠ ಮಾಡ್ತಾನೆ. ಜೊತೆಗೆ ಅದೃಷ್ಟದ ಆಟ ಬೇರೆ, ಒಬ್ಬನಿಗೆ ಗುಲ್ಮ (ಸ್ಪ್ಲೀನ್) ಕೈಗೆ ಸಿಗೋ ಕೇಸ್, ಇನ್ನೊಬ್ಬನಿಗೆ ಏನೂ ಸಿಗದೇ ಇರೋ ಕೇಸ್. ಒಂದು ಕೇಸಲ್ಲಿ ಚೆನ್ನಾಗಿ ಮಾಡಿದೋನು ಇನ್ನೊಂದರಲ್ಲೂ ಮಾಡ್ತಾನೆ ಅನ್ನೋದು ಸುಳ್ಳು ಅಂತ ದಶಕಗಳ ಹಿಂದೆನೇ ತೋರಿಸಿಯಾಗಿದೆ.

ಇದಕ್ಕೇ 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಓಸ್ಕಿ ತಂದಿದ್ದು. ಎಲ್ರಿಗೂ ಅದೇ ಸ್ಟೇಷನ್, ಅದೇ ಚೆಕ್‌ಲಿಸ್ಟ್, ಬೆಲ್ ಹೊಡೆದ ತಕ್ಷಣ ಮುಂದಕ್ಕೆ. ಪಾಸು ಫೇಲು ನಿರ್ಧಾರ ಮಾಡೋ ಪರೀಕ್ಷೆಗೆ ನನ್ನ ಓಟು ಈಗಲೂ ಓಸ್ಕಿಗೇ, ಯಾಕಂದ್ರೆ ಯಾರ ಮಗ, ಯಾವ ಮೀಡಿಯಂ, ಎಕ್ಸಾಮಿನರ್‌ಗೆ ಬೆಳಗ್ಗೆ ತಿಂಡಿ ಸರಿ ಸಿಕ್ತಾ ಇಲ್ವಾ ಅನ್ನೋದೆಲ್ಲ ಹತ್ತು ಸ್ಟೇಷನ್ನಲ್ಲಿ ಹತ್ತು ಜನ ಕೂತಾಗ ತಕ್ಕಮಟ್ಟಿಗೆ ಸಮ ಆಗುತ್ತೆ.

ಖರ್ಚು ಮಾತ್ರ ಮೊದ್ಲೇ ಕೂತು ಲೆಕ್ಕ ಹಾಕಿ. ಹೊಸಬರು ಇಲ್ಲೇ ಎಡವೋದು, ಸ್ಟೇಷನ್ ಕಮ್ಮಿ ಮಾಡಿದ್ರೆ ಬೇಗ ಮುಗಿಯುತ್ತೆ ಅನ್ಕೋತಾರೆ. ಇಲ್ಲ. ಒಂದೇ ಸರ್ಕ್ಯೂಟ್ (ಸ್ಟೇಷನ್‌ಗಳ ಸುತ್ತು) ಇದ್ದು ಸ್ಟೇಷನ್ನಿಗೆ ಐದು ನಿಮಿಷ ಇಟ್ರೆ ಐದು ನಿಮಿಷಕ್ಕೆ ಒಬ್ಬ ಅನ್ನೋ ಲೆಕ್ಕದಲ್ಲೇ ಹೊರಗೆ ಬರೋದು, ಸ್ಟೇಷನ್ ಹತ್ತಿರಲಿ ಇಪ್ಪತ್ತಿರಲಿ. 150 ಜನಕ್ಕೆ 750 ನಿಮಿಷ, ಅಂದ್ರೆ ಹನ್ನೆರಡೂವರೆ ಗಂಟೆ, ಊಟ ಕಾಫಿ ಬಿಟ್ಟು. ಬೇಗ ಮುಗೀಬೇಕಂದ್ರೆ ಪಕ್ಕದಲ್ಲೇ ಇನ್ನೊಂದು ಸರ್ಕ್ಯೂಟ್ ಓಡಿಸ್ಬೇಕು, ಅಷ್ಟೇ ದಾರಿ, ಅದಕ್ಕೆ ಜನ ಡಬಲ್. ಹತ್ತು ಸ್ಟೇಷನ್ನಲ್ಲೂ ಎಕ್ಸಾಮಿನರ್ ಕೂತ್ರೆ ಮೇಷ್ಟ್ರುಗಳ 125 ಗಂಟೆ ಹೋಯ್ತು ಅಂತ ಲೆಕ್ಕ. ನೂರನೇ ಹುಡುಗನ ಹೊತ್ತಿಗೆ ಎಕ್ಸಾಮಿನರ್ ಕಣ್ಣು ತೆರೆದೇ ನಿದ್ದೆ ಮಾಡ್ತಿರ್ತಾರೆ, ಬದಲಿ ಜನ ಇಟ್ಕೊಳ್ಳಿ. ಫಿಸಿಯಾಲಜಿ, ಫಾರ್ಮಸಿ ಥರ ಪ್ರಾಕ್ಟಿಕಲ್‌ನವರಿಗೆ ಇದೇ ಮಾದರಿಯ ಓಸ್ಪಿ ಇದೆ, ಅಲ್ಲಿ ಅರ್ಧಕ್ಕರ್ಧ ಸ್ಟೇಷನ್ನಿಗೆ ಮನುಷ್ಯರೇ ಬೇಡ, ಸ್ಲೈಡು ಚಾರ್ಟು ಇಟ್ಟು ಬರೆಸಿದ್ರಾಯ್ತು, ಅಗ್ಗ.

ಇನ್ನೊಂದು ತೊಂದರೆ ಚೆಕ್‌ಲಿಸ್ಟ್‌ದು. 1999ರಲ್ಲಿ ಟೊರಾಂಟೊದವರು ಅನುಭವಿ ಡಾಕ್ಟ್ರನ್ನೇ ಓಸ್ಕಿಲಿ ಕೂರಿಸಿ ನೋಡಿದಾಗ ಚೆಕ್‌ಲಿಸ್ಟ್ ಪ್ರಕಾರ ಅವರಿಗೆ ಜೂನಿಯರ್‌ಗಳಿಗಿಂತ ಕಮ್ಮಿ ಮಾರ್ಕ್ಸ್ ಬಂತು. ಅನುಭವ ಇರೋರು ಮೂರು ಪ್ರಶ್ನೇಲಿ ರೋಗ ಹಿಡೀತಾರೆ, ಚೆಕ್‌ಲಿಸ್ಟಿಗೆ ಹದಿನೈದು ಬೇಕು. ಹಾಗಾಗಿ ಚೆಕ್‌ಲಿಸ್ಟ್ ಕೆಳಗಡೆ "ಒಟ್ಟಾರೆ ಹೇಗೆ" ಅನ್ನೋ ಒಂದು ಕಾಲಂ ಇಡಿ.

ನಮ್ಮಲ್ಲೇ ಆಗಿದ್ದು. ಬಿಪಿ ಸ್ಟೇಷನ್, ಚೆಕ್‌ಲಿಸ್ಟಿನ ಮೊದಲ ಸಾಲು ಕೈ ತೊಳೆಯೋದು, ಸ್ಯಾನಿಟೈಸರ್ ಬಾಟ್ಲಿ ಹತ್ತು ಗಂಟೆಗೇ ಖಾಲಿ. ಒಂದು ಹುಡುಗಿ ಬಂದು ಖಾಲಿ ಕೈಯನ್ನೇ ಉಜ್ಜುತ್ತಾ "ಐ ಆ್ಯಮ್ ವಾಷಿಂಗ್ ಮೈ ಹ್ಯಾಂಡ್ಸ್" ಅಂತ ಗೋಡೆಗೆ ಹೇಳಿದ್ಳು, ಒಂದು ಮಾರ್ಕ್ಸ್, ನಾನೇ ಹಾಕಿದೆ. ಹತ್ತಕ್ಕೆ ಒಂಬತ್ತು ಬಂತು ಆ ಸ್ಟೇಷನ್ನಲ್ಲಿ. ಮುಂದಿನ ವಾರ ವಾರ್ಡಲ್ಲಿ ಅದೇ ಹುಡುಗಿ ಆರು ಬೆಡ್ ಸುತ್ತಿದ್ಳು, ಸಿಂಕ್ ಕಡೆ ತಿರುಗಿಯೂ ನೋಡ್ಲಿಲ್ಲ, ಬಿಪಿ ಪಟ್ಟೀನ ಅಜ್ಜಿಯ ಸ್ವೆಟರ್ ಮೇಲೇ ಸುತ್ತಿದ್ಳು. ಓಸ್ಕಿ ಮೂರನೇ ಮೆಟ್ಟಿಲಷ್ಟೇ ಅಂತ ಪುಸ್ತಕದಲ್ಲಿ ಓದಿದ್ದೆ, ಅರ್ಥ ಆಗಿದ್ದು ಅವತ್ತು.

ನಾಲ್ಕನೇ ಮೆಟ್ಟಿಲಿಗೆ ಇರೋದು ಮಿನಿ ಸಿಇಎಕ್ಸ್ (ಅಕ್ಷರ ಬಿಡಿಸಿ ಹೇಳಿ, ಸೇರಿಸಿ ಹೇಳಿದ್ರೆ ಲಾಸ್ಟ್ ಬೆಂಚ್ ಕಿಸಕ್ಕನೆ ನಗುತ್ತೆ). ಅಮೆರಿಕದ ಇಂಟರ್ನಲ್ ಮೆಡಿಸಿನ್ ಬೋರ್ಡಿನವರು, ಜಾನ್ ನಾರ್ಸಿನಿ ಮತ್ತವರ ತಂಡ, 1995ರಲ್ಲಿ ಬರೆದಿದ್ದು. ಇಷ್ಟೇ: ವಾರ್ಡಲ್ಲಿ ಇರೋ ರೋಗಿ, ಇರೋ ಸ್ಟೂಡೆಂಟ್, ಪಕ್ಕದಲ್ಲಿ ನೀವು ಸುಮ್ಮನೆ ನಿಲ್ಲಿ, ಹದಿನೈದು ನಿಮಿಷ ನೋಡಿ, ಐದು ನಿಮಿಷ ಮಾತಾಡಿ. ಒಂದು ಹಾಳೆ, ಏಳು ವಿಷಯ, ಒಂದೊಂದಕ್ಕೂ 1ರಿಂದ 9. ಕೈಯಲ್ಲಿ ಮಾಡೋ ಕೆಲಸ, ಅಂದ್ರೆ ಕ್ಯಾನುಲಾ, ಡ್ರೆಸಿಂಗ್, ರೈಲ್ಸ್ ಟ್ಯೂಬ್ ಥರದ್ದಕ್ಕೆ ಇದರದ್ದೇ ತಮ್ಮ ಡಾಪ್ಸ್ ಇದೆ, ನರ್ಸಿಂಗ್‌ನವರಿಗೆ ಅದು ಇನ್ನೂ ಚೆನ್ನಾಗಿ ಹೊಂದುತ್ತೆ.

ಮೊದಲ ಸಲ ಮಾಡಿದ್ದು ನಮ್ಮ ಬ್ಯಾಚಿನ ಬುದ್ಧಿವಂತ ಹುಡುಗಿಗೆ, ಕೇರಳದವಳು, ಕೇಸ್ ಪ್ರೆಸೆಂಟೇಷನ್ ಅಂದ್ರೆ ಅವಳದ್ದೇ. ಗದಗ ಕಡೆಯ ಅಜ್ಜ, ಕಾಲಲ್ಲಿ ಹುಣ್ಣು.

"ಅಜ್ಜಾ, ಡಯಾಬಿಟಿಸ್ ಇದ್ಯಾ?"

"ಇಲ್ರೀ ಯವ್ವಾ."

ಬರ್ಕೊಂಡ್ಳು: ನಾಟ್ ಎ ಡಯಾಬಿಟಿಕ್. ಬೆಡ್ ತುದೀಲಿ ನಿಂತೇ ಕೇಳ್ತಿದ್ಳು, ಕಾಲು ಮುಚ್ಚಿದ್ದ ಟವೆಲ್ ಇನ್ನೂ ತೆಗೆದಿರ್ಲಿಲ್ಲ. ಮುಂದೆ ಕಿಡ್ನಿ, ಹಾರ್ಟು, ಎಲ್ಲ ಕೇಳಿ ಮುಗಿಸಿದ್ಳು, ಎಲ್ಲಕ್ಕೂ ಅಜ್ಜ "ಇಲ್ರೀ". ನಾನು ನಾಲಿಗೆ ಕಚ್ಚಿಕೊಂಡು ನಿಂತಿದ್ದೆ. ಕೊನೇಲಿ "ನಿಂಗೇನನ್ನಿಸ್ತು" ಅಂದೆ, "ಹಿಸ್ಟರಿ ಕಂಪ್ಲೀಟ್ ಮ್ಯಾಮ್" ಅಂದ್ಳು. ದಿಂಬಿನ ಕೆಳಗಿರೋ ಪ್ಲಾಸ್ಟಿಕ್ ಚೀಲದಲ್ಲಿ ಏನಿದೆ ಕೇಳು ಅಂದೆ. ಅಜ್ಜ ತೆಗೆದು ತೋರಿಸ್ದ, "ಇವು ಶುಗರ್ ಗುಳಿಗಿ ರೀ, ಮುಂಜಾನಿ ಒಂದ, ಸಂಜಿ ಒಂದ, ಹತ್ತ ವರ್ಷಾತು."

ಅವಳ ಮುಖ ಬಿದ್ದೋಯ್ತು. ಇಂಥಾ ತಪ್ಪು ಲಾಂಗ್ ಕೇಸಲ್ಲಿ ನಮಗೆ ಗೊತ್ತೇ ಆಗಲ್ಲ, ಅಜ್ಜ ಸರಿಯಾಗಿ ಹೇಳ್ಲಿಲ್ಲ ಅಂತ ಅಜ್ಜನ ಮೇಲೇ ಹೋಗುತ್ತೆ. ಓಸ್ಕಿಲೂ ಗೊತ್ತಾಗಲ್ಲ, ಅಲ್ಲಿ ರೋಗಿ ಪಾತ್ರ ಮಾಡೋನು ನಮ್ಮ ಇಂಟರ್ನ್, ಅವನಿಗೆ ಡಯಾಬಿಟಿಸ್ ಅಂದ್ರೆ ಗೊತ್ತು. ಫೌಂಡೇಷನ್ ಕೋರ್ಸಲ್ಲಿ ಸ್ಥಳೀಯ ಭಾಷೆ ಕಲಿಸ್ಬೇಕು ಅಂತ ಇದೆ, ನಾವೂ ಕಲಿಸ್ತೀವಿ, "ನಿಮ್ಮ ಹೆಸರೇನು, ಎಲ್ಲಿ ನೋವು" ತನಕ. ಎದ್ಯಾಗ ಹಿಡದಂಗ ಆಗೋದು, ಕೈಕಾಲು ಜೋಮು ಹಿಡಿಯೋದು, ಸಂಕಟ, ಇವೆಲ್ಲ ಬೆಡ್ ಪಕ್ಕದಲ್ಲೇ ಬರ್ಬೇಕು. ಕನ್ನಡದ ಹುಡುಗರೂ ಏನು ಕಮ್ಮಿ ಇಲ್ಲ, ಬೆಂಗಳೂರಿನವನೊಬ್ಬ "ಪೈನ್ ರೇಡಿಯೇಟ್ ಆಗುತ್ತಾ ಅಜ್ಜ" ಅಂತ ಕೇಳಿದ್ದಕ್ಕೆ "ರೇಡಿಯೋ ಮನ್ಯಾಗ ಬಿಟ್ ಬಂದೀನ್ರಿ" ಅಂತ ಉತ್ತರ ಬಂತು.

ಟೈಮ್ ಇಲ್ಲ ಅಂತೀರಾ? ಲೆಕ್ಕ ಮಾಡೋಣ. 150 ಜನಕ್ಕೆ 20 ನಿಮಿಷದ ಹಾಗೆ 50 ಗಂಟೆ. ಮೇಲೆ ಹೇಳಿದ ಓಸ್ಕಿಗೆ 125. ಡಿಪಾರ್ಟ್‌ಮೆಂಟಲ್ಲಿ 15 ಜನ ಇದ್ರೆ ತಲೆಗೆ ಹತ್ತು ಸ್ಟೂಡೆಂಟ್ಸ್, ಮೂರು ಗಂಟೆ ಇಪ್ಪತ್ತು ನಿಮಿಷ, ಅದೂ ಒಂದೇ ದಿನ ಅಲ್ಲ, ಪೋಸ್ಟಿಂಗ್ ನಡೆಯೋವಾಗ ಹಂಚ್ಕೊಂಡು. ಒಬ್ಬರಿಗೆ ಒಂದೇ ಸಲ ಸಾಲದು, ಬೇರೆ ಬೇರೆ ಕೇಸು, ಬೇರೆ ಬೇರೆ ಟೀಚರ್, ಮೂರ್ನಾಲ್ಕು ಸಲ ಆದ್ರೂ ಬೇಕು, ಆಗ ಖರ್ಚು ಓಸ್ಕಿನ ದಾಟುತ್ತೆ, ನಿಜ. ಆದ್ರೆ ಓಸ್ಕಿಲಿ ಕೂತ ಮೇಷ್ಟ್ರು ಆ ಹೊತ್ತಲ್ಲಿ ಒಂದಕ್ಷರ ಕಲಿಸಿರಲ್ಲ, ಇಲ್ಲಿ ಪ್ರತಿ ಸಲ ಐದು ನಿಮಿಷ ಪಾಠ ಆಗಿರುತ್ತೆ.

ಇದರ ಹುಳುಕೂ ಹೇಳ್ಬಿಡ್ತೀನಿ. ನಮ್ಮವರು ಎಲ್ರಿಗೂ 7 ಹಾಕ್ತಾರೆ. ಎದುರಲ್ಲೇ ನಿಂತಿರೋ ಮಗುವಿಗೆ 3 ಹಾಕೋಕೆ ಕೈ ಬರಲ್ಲ. ಅದಕ್ಕೇ ಇದನ್ನ ಪಾಸು ಫೇಲಿಗೆ ಬಳಸ್ಬೇಡಿ, ನಂಬರ್ ಕಾಲಂ ಮುಚ್ಚಿಬಿಟ್ಟು "ಮುಂದಿನ ಸಲ ಏನು ಬದಲಾಯಿಸ್ತೀಯ" ಅನ್ನೋ ಒಂದು ಸಾಲು ಬರೆಸಿದ್ರೂ ಸಾಕು. ಲಾಗ್‌ಬುಕ್ ಬಗ್ಗೆ ನಾನೇನೂ ಬರೆಯಲ್ಲ, ಪೋಸ್ಟಿಂಗ್‌ನ ಕೊನೇ ದಿನ ಕ್ಯಾಂಟೀನಲ್ಲಿ ಅರವತ್ತು ಸೈನ್ ಒಟ್ಟಿಗೆ ಹಾಕಿದವಳು ನಾನೂ ಹೌದು.

ಹಾಗಾದ್ರೆ ಯಾವುದು?

ನೀವು ಫಸ್ಟ್ ಇಯರ್, ಸೆಕೆಂಡ್ ಇಯರ್‌ನವರಿಗೆ ಪಾಠ ಮಾಡೋರು, ಜನ ಕಮ್ಮಿ, ಕ್ಲಾಸ್ ದೊಡ್ಡದು ಅಂದ್ರೆ ಟಿಬಿಎಲ್, ಎರಡನೇ ಯೋಚನೆ ಬೇಡ. ಜನ ಇದಾರೆ, ನಾಕು ಡಿಪಾರ್ಟ್‌ಮೆಂಟಿನವರು ಪರಸ್ಪರ ಮಾತಾಡ್ತಾರೆ (ಇದು ದೊಡ್ಡ ಕಂಡಿಷನ್) ಅಂದ್ರೆ ವರ್ಷಕ್ಕೆ ಎರಡು ಪಿಬಿಎಲ್ ಸೇರಿಸಿ. ಇಂಟರ್ನ್‌ಶಿಪ್ ಶುರುವಾಗೋ ಮುಂಚೆ ಬೊಂಬೆ ಮೇಲೆ ಸಿಪಿಆರ್, ಡಿಫಿಬ್ರಿಲೇಟರ್ ಆಗಲೇಬೇಕು, ಇದರಲ್ಲಿ ಚೌಕಾಸಿ ಇಲ್ಲ. ಕೊನೇ ಪರೀಕ್ಷೆಗೆ ಓಸ್ಕಿ, ಎರಡು ಸರ್ಕ್ಯೂಟ್ ಓಡಿಸೋಷ್ಟು ಜನ ಇದ್ರೆ ಮಾತ್ರ, ಇಲ್ಲಾಂದ್ರೆ ಲಾಂಗ್ ಕೇಸನ್ನೇ ಇಟ್ಕೊಂಡು ಹಿಸ್ಟರಿ ತಗೊಳ್ಳೋವಾಗ ಒಬ್ಬ ಎಕ್ಸಾಮಿನರ್ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಕೂತು ನೋಡ್ಲಿ, ಆ ಒಂದು ಕುರ್ಚಿಯಿಂದಲೇ ಹಳೇ ಪರೀಕ್ಷೆಯ ಅರ್ಧ ರೋಗ ವಾಸಿ.

ಮತ್ತೆ ಈ ವರ್ಷ ಒಂದೇ ಒಂದು ಮಾಡೋಕಾಗೋದು ಅಂದ್ರೆ ಮಿನಿ ಸಿಇಎಕ್ಸ್ ಮಾಡಿ. ಬೇಕಾಗೋದು ಒಂದು ಜೆರಾಕ್ಸ್ ಹಾಳೆ. ನಾಲ್ಕೂವರೆ ವರ್ಷದಲ್ಲಿ ನನ್ನ ಒಬ್ಬೊಬ್ಬ ಸ್ಟೂಡೆಂಟ್‌ನೂ ರೋಗಿ ಹತ್ರ ಮೊದಲಿಂದ ಕೊನೇ ತನಕ ಮಾತಾಡೋದನ್ನ ನಾನು ಎಷ್ಟು ಸಲ ನೋಡಿದೀನಿ ಅಂತ ಕೇಳ್ಕೊಂಡಾಗ ಬಹಳ ಜನರ ಹೆಸರಿನ ಮುಂದೆ ಸೊನ್ನೆ ಬಂತು, ಅದಕ್ಕೆ ಈ ಮಾತು ಹೇಳ್ತಿರೋದು.

ಫೋನ್ ಮಾಡಿದ ಹುಡುಗ ಅದನ್ನೇ ಶುರು ಮಾಡಿದಾನಂತೆ, ಹೋದ ವಾರ ಮೆಸೇಜ್ ಹಾಕಿದ್ದ, ಇಪ್ಪತ್ತು ಜನರದ್ದು ಆಯ್ತು ಮ್ಯಾಮ್ ಅಂತ. ರಿಪೋರ್ಟಿಗೆ ಫೋಟೋ ಮಾತ್ರ ತೊಂದರೆ ಆಯ್ತಂತೆ, ಬೆಡ್ ಪಕ್ಕ ಮೇಷ್ಟ್ರು ಸುಮ್ಮನೆ ನಿಂತಿರೋ ಫೋಟೋಲಿ ಹೊಸದೇನೂ ಕಾಣಲ್ಲ ಅಂತ ಅವರ ಎಚ್‌ಒಡಿ ಎಲ್ರನ್ನೂ ಕರ್ಕೊಂಡು ಹೋಗಿ ಪಕ್ಕದ ಡಿಪಾರ್ಟ್‌ಮೆಂಟಿನ ಮ್ಯಾನಿಕಿನ್ ಸುತ್ತ ನಿಲ್ಲಿಸಿ ತೆಗೆಸಿದ್ರಂತೆ, ಕವರ್ ತೆಗೆಯೋಕೆ ಬೀಗದ ಕೈ ಸಿಗೋ ತನಕ ಅರ್ಧ ಗಂಟೆ ಕಾಯ್ಬೇಕಾಯ್ತಂತೆ.